ಬೇಗ ಉಳಿಸು

ಕುತಾಯಿಸಿಯ ಬಿಳಿ ಸೇತುವೆ ದಾಟಿದರೆ ಸಿಗುವ ಓಣಿಯಲ್ಲಿ
ಕೀಲಿಕೈ ಅರೆಯುವವನ ಪಕ್ಕ ನನ್ನ ಅಂಗಡಿ.
ಅವನದು ಬೀಗ, ನನ್ನದು ಫೈಲು.
ತೆರೆಯದ್ದನ್ನೆಲ್ಲ ಜನ ಇಲ್ಲಿಗೇ ತರುತ್ತಾರೆ.

ಮಂಗಳವಾರ ತ್ಸಿಯಾಲಾ ಟೀಚರು ಬಂದರು,
ಫ್ಲಾಪಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು,
ಸಂತೆಯಿಂದ ಮೊಟ್ಟೆ ತರುವವರ ಹಾಗೆ.
‘ನಮ್ಮ ಓತಿಯಾನದು. ರಿಯೋನಿ ಹೊಳೆಯ ಲೆಕ್ಕ.
ಮೂವತ್ತೊಂದು ವರ್ಷ ಅಳತೆಗೋಲು ಕಾದವನು.
ನಗರಸಭೆಯವರು ಅಚ್ಚು ಹಾಕಿಸುತ್ತಾರಂತೆ.
ಇದು ಬಾಯಿಯನ್ನೇ ಬಿಡುತ್ತಿಲ್ಲ.’

ಮೂಲವನ್ನು ಮುಟ್ಟಬಾರದು; ನಕಲು ಮಾಡಿಕೊಂಡೆ.
ಒಣಗಿದ ರೊಟ್ಟಿ ಅಗಿದ ಸದ್ದು ಡ್ರೈವಿನಲ್ಲಿ.
ತೆರೆ: ಆಗದು.
ರಿಪೇರಿ ಮಾಡಿ ತೆರೆ: ಆಗದು, ಕಡತ ಕೆಟ್ಟಿದೆ,
ಸರಿ ಎನ್ನಿ ಎಂದು ಒಂದೇ ಒಂದು ಗುಂಡಿ.
ಸರಿಯಿಲ್ಲ ಎನ್ನಲು ಗುಂಡಿಯೇ ಇಲ್ಲ.

ಉಳಿದದ್ದು ಕೊನೆಯ ದಾರಿ:
ದಪ್ಪಕ್ಷರ, ಅಂಚು, ಕೋಷ್ಟಕದ ಗೆರೆ ಎಲ್ಲ ಹಾಳಾಗಲಿ,
ಮಾತು ಮಾತ್ರ ಕೊಡು.

ಕೊಟ್ಟಿತು. ಮೊದಲು ಬರೀ ಚೌಕ,
ಎಂದೋ ಗುಜರಿಗೆ ಹೋದ ಪ್ರಿಂಟರಿನ ಹೆಸರು,
ಆಮೇಲೆ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ, ಪುಟಗಟ್ಟಲೆ.
‘ಇದು ಅವನಲ್ಲ’ ಎಂದರು ಟೀಚರು.
ತಾಳಿ ಅಂದೆ. ಆ ಕಾಲದಲ್ಲಿ ನಮ್ಮ ಲಿಪಿ
ಪರರ ಕೋಟು ತೊಟ್ಟು ಓಡಾಡುತ್ತಿತ್ತು.
ಹಳೇ ಸಿ.ಡಿ. ಹುಡುಕಿ ಫಾಂಟು ಹಾಕಿದೆ.
ಸಾಲಿನ ಹಿಂದೆ ಸಾಲು ದುಂಡಗಾಯಿತು,
ದ್ರಾಕ್ಷಿಬಳ್ಳಿಯ ಕುಡಿ ತಂತಿ ಹಿಡಿದ ಹಾಗೆ.
ಟೀಚರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

ಒಂದು ಸಂಗತಿ ಅವರಿಗೆ ಹೇಳಬೇಕಾಯಿತು.
ಓತಿಯಾ ಟೈಪು ಮಾಡಿದ ವರ್ಷಗಳಲ್ಲಿ
ಕರೆಂಟು ನೆಂಟನಂತೆ ಬಂದು ಹೋಗುತ್ತಿತ್ತು.
ಹೆದರಿ, ‘ಬೇಗ ಉಳಿಸು’ ಎಂಬುದನ್ನು ಆರಿಸಿಟ್ಟಿದ್ದಾರೆ.
ಬೇಗ ಉಳಿಸುವಾಗ ಯಂತ್ರ ಏನನ್ನೂ ಒರೆಸುವುದಿಲ್ಲ;
ಅಳಿಸಿದ್ದನ್ನು ಮಂಚದಡಿಗೆ ತಳ್ಳಿ
ಹೊಸದನ್ನು ಬಾಲಕ್ಕೆ ಕಟ್ಟುತ್ತದೆ.
ಈಗ ಮಂಚ ಮುರಿದಿದೆ.

ನೆರೆ ಬಂದ ಆ ಮಾರ್ಚಿಯ ರಾತ್ರಿ, ಎರಡು ಗಂಟೆಯ ಅಳತೆ:
ಅಚ್ಚಿಗೆಂದು ಬಿಟ್ಟದ್ದು ಖಾಲಿ ಜಾಗ.
ಬಾಲದಲ್ಲಿ ಸಿಕ್ಕದ್ದು ನಾನೂರ ಹನ್ನೆರಡು.
ಇನ್ನೂ ಕೆಳಗೆ, ಮುನ್ನೂರ ತೊಂಬತ್ತೈದು.
ಅದರ ಕೆಳಗೆ: ‘ನಾನು ಕಟ್ಟೆಯ ಮೇಲೆ ಇರಲಿಲ್ಲ.’
ಅದರ ಕೆಳಗೆ: ‘ನಾನು ಇರಲಿಲ್ಲ, ತ್ಸಿಯಾಲಾ ಕರೆದಿದ್ದಳು.’
ಅದರ ಕೆಳಗೆ, ಅರ್ಧಕ್ಕೆ ನಿಂತ ‘ಮಗುವಿಗೆ ಉಸಿರು’.

ಪಕ್ಕದಂಗಡಿಯ ಚಕ್ರ ಹಿತ್ತಾಳೆ ಅರೆಯುತ್ತಿತ್ತು.
ಟೀಚರು ಬಹಳ ಹೊತ್ತು ಪರದೆಯನ್ನೇ ನೋಡಿದರು;
ಶಾಲೆಯಲ್ಲಿ ನನ್ನ ತಪ್ಪು ಸಮೀಕರಣವನ್ನು
ಹೀಗೇ ನೋಡುತ್ತಿದ್ದರು, ಬಯ್ಯುವ ಮೊದಲು.

‘ಬೂಟಿನ ತುಂಬ ನೀರು ತುಂಬಿಕೊಂಡು ಬಂದ.
ಬೆಳಗಿನ ತನಕ ಮಗುವನ್ನು ಹಬೆಗೆ ಹಿಡಿದು ನಿಂತ.
ನನಗೊಬ್ಬಳಿಗೆ ಸಾಲದಾಗಿತ್ತು ತೋಳು.
ಹೊಳೆ ಎಷ್ಟಿದೆ ಅಂತ ನಾನು ಕೇಳಲಿಲ್ಲ.’

ಕಸವನ್ನೆಲ್ಲ ತೆಗೆದುಬಿಡಲೇ ಅಂದೆ.
‘ಅಚ್ಚು ತೆಗಿ’ ಅಂದರು. ‘ಅವನು ಬಿಟ್ಟ ಹಾಗೆಯೇ. ಖಾಲಿ ಇರಲಿ.’
ತೆಗೆದೆ. ಬೆಚ್ಚಗಿದ್ದ ಹಾಳೆಯನ್ನು ಮೊಣಕಾಲ ಮೇಲಿಟ್ಟು
ಪೆನ್ನು ಕೇಳಿ ಪಡೆದು, ಎರಡು ಗಂಟೆಯ ಎದುರು
ಶಾಲೆಯ ಹಲಗೆಯ ಮೇಲಿನ ಅದೇ ನೇರ ಅಕ್ಷರದಲ್ಲಿ
ಬರೆದರು: ‘ನಮ್ಮ ಮನೆಯಲ್ಲಿದ್ದ.’

ಆಮೇಲೆ ಪರ್ಸು ತೆಗೆದು ಬಿಲ್ಲು ಓದಿದರು.
‘ಫಾಂಟಿಗೂ ದುಡ್ಡು ಹಾಕಿದ್ದೀಯಾ, ವಾಜಾ?’
ಹೊಡೆದು ಹಾಕಿದೆ.